ಠಾಣೆಯ ಮೂರು ಮೆಟ್ಟಿಲು

ಕನಕಪುರ ತಾಲ್ಲೂಕು
7 ಸೆಪ್ಟೆಂಬರ್ 2025

ನಯನಾಗೆ,

ಬರೆಯುತ್ತಿರುವವಳು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ನೀನು ಮರೆತಿರುವಂತಿದೆ. ನಾನು ಇನ್ನಾಸಪ್ಪನವರ ಮನೆಯ ಹಿರಿಸೊಸೆ ಲೂರ್ದಮ್ಮ. ಈ ಊರಿನ ಚರ್ಚು, ನಮ್ಮ ದೇವಾಲಯ, ನಿಂತಿರುವ ಜಾಗ ನನ್ನ ಮಾವನವರು ಬಿಟ್ಟುಕೊಟ್ಟದ್ದು. ನಾನು ಕನಕಪುರದಲ್ಲಿ ಹತ್ತನೆಯ ತರಗತಿಯವರೆಗೆ ಓದಿದವಳು. ನನ್ನ ಕಾಲಕ್ಕೆ ನಮ್ಮ ಕೇರಿಯಲ್ಲಿ ಅಷ್ಟು ಓದಿದ ಹೆಣ್ಣು ಇನ್ನೊಬ್ಬಳಿರಲಿಲ್ಲ. ನಿನ್ನಪ್ಪ ತೀರಿಕೊಂಡ ಮೇಲೆ ಪಾಲನಾ ಸಮಿತಿಯಲ್ಲಿ ಅವರ ಕುರ್ಚಿಯಲ್ಲಿ ಕೂರುವವಳು ನಾನೇ. ಈಸ್ಟರಿನ ಹಿಂದಿನ ರಾತ್ರಿ, ಪಾಸ್ಖ ಹಬ್ಬದ ಜಾಗರಣೆಯಲ್ಲಿ, ಫಾದರ್ ಹೊತ್ತಿಸುವ ದೊಡ್ಡ ಮೇಣದ ಬತ್ತಿಯಿಂದ ಮೊದಲ ಬೆಳಕು ಪಡೆಯುವುದು ನಮ್ಮ ಮನೆ. ನಮ್ಮಿಂದ ಊರಿಗೆ. ಇದನ್ನೆಲ್ಲ ಜಂಬಕ್ಕೆ ಬರೆಯುತ್ತಿಲ್ಲ. ಇಂಥ ಮನೆಯ ಮಗಳು ಊರಿಗೆ ಅತಿಥಿಗಳನ್ನು ಕಳಿಸುವಾಗ ತಾಯಿಗೆ ಬರೆಯದೆ ಫಾದರಿಗೆ ಏಕೆ ಬರೆದಳು ಎಂದು ಕೇಳುವುದಕ್ಕೆ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ನಿನ್ನ ಕಾಗದವನ್ನು ಸಮಿತಿಯ ಮುಂದೆ ಓದಿದರು. ಬರ್ಮಾ ದೇಶದಲ್ಲಿ ಊರಿನ ಮೇಲೆ ಬಾಂಬು ಬಿದ್ದು ಗಂಡನನ್ನು ಕಳೆದುಕೊಂಡ ಹೆಂಗಸು, ಜೊತೆಗೆ ಏಳು ವರ್ಷದ ಮಗಳು. ಮಗುವಿನ ಹೃದಯದಲ್ಲಿ ರಂಧ್ರವಿದೆ, ಬೆಂಗಳೂರಿನಲ್ಲಿ ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಕಾನ್ವೆಂಟಿನ ಸಿಸ್ಟರುಗಳು ಬಿಟ್ಟುಹೋದ ಖಾಲಿ ಮನೆಯಲ್ಲಿ ಇಬ್ಬರನ್ನೂ ಇರಿಸಿಕೊಳ್ಳುತ್ತೀರಾ ಎಂದು ಕೇಳಿದ್ದೀಯೆ. ಓದಿ ಮುಗಿಸಿದ ಮೇಲೆ ರಾಯಪ್ಪ ಟವೆಲ್ ಕೊಡವಿ ಎದ್ದು ನಿಂತ.

"ಯಾವ್ ದೇಶದೋರೋ ಏನೋ. ನಾಳೆ ಪೊಲೀಸ್ನೋರ್ ಬಂದು, ಇವ್ರನ್ನ ಇಕ್ಕೊಂಡಿರೋದ್ ಯಾರು ಅಂದ್ರೆ ಯಾರ್ ಮುಂದಕ್ ಬರೋರು?"

"ನಾನ್ ಬತ್ತೀನಿ ಕಣೋ ರಾಯಪ್ಪ. ನೀನ್ ನನ್ ಹಿಂದೆ ಬಚ್ಚಿಟ್ಕೋ" ಎಂದೆ.

"ಊರೆಲ್ಲ ಅಲ್ಲೇ ಬಚ್ಚಿಟ್ಕೊಂಡೈತೆ ಬುಡಿ ಅಮ್ಮಾವ್ರೇ" ಎಂದ. ಎಲ್ಲರೂ ನಕ್ಕರು, ಫಾದರ್ ಕೂಡ. ಮಾತು ಅಲ್ಲಿಗೆ ಮುಗಿಯಿತು. ಒಪ್ಪಿಗೆಯಾಗಿದೆ.

ಆದರೆ ಅವರು ಸಿಸ್ಟರುಗಳ ಮನೆಯಲ್ಲಿ ಇರುವುದಿಲ್ಲ. ಅದರ ಹೆಂಚು ಜಾರಿದೆ, ಒಳಗೆ ಯಾರದೋ ಕೋಳಿ ಮೊಟ್ಟೆ ಇಡುತ್ತಿವೆ. ನಮ್ಮ ಊರಿಗೆ ಬಂದವರು ಸೋರುವ ಮನೆಯಲ್ಲಿ ಮಲಗಿದರು ಎಂದು ನಾಳೆ ಯಾರೂ ಆಡಬಾರದು. ನಮ್ಮ ಮನೆಯ ಮುಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ನಿನ್ನ ಅಣ್ಣ, ಅತ್ತಿಗೆ ಇಬ್ಬರಿಗೂ ಹೇಳಿಯಾಗಿದೆ.

ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದವಾದರೆ ಅಂಚೆಗೆ ಹಾಕುವ ಮೊದಲು ಒಮ್ಮೆ ಓದಿಕೊಳ್ಳುತ್ತೇವೆ.

ನಿನ್ನ ತಾಯಿ,
ಇನ್ನಾಸಪ್ಪನವರ ಮನೆ ಲೂರ್ದಮ್ಮ

*

ದೆಹಲಿ
21 ಸೆಪ್ಟೆಂಬರ್ 2025

ಅವ್ವ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಿನ್ನ ಅಕ್ಷರ ಇನ್ನೂ ಕಂಬ ನೆಟ್ಟ ಹಾಗೆ ನೆಟ್ಟಗಿದೆ.

ಫಾದರಿಗೆ ಬರೆದದ್ದು ಬೇಕೆಂದೇ. ನಿನಗೆ ಬರೆದಿದ್ದರೆ ಮರುದಿನವೇ ಒಪ್ಪಿಬಿಡುತ್ತಿದ್ದೆ, ಊರನ್ನು ಕೇಳುತ್ತಿರಲಿಲ್ಲ. ದಿಕ್ಕಿಲ್ಲದೆ ಬಂದವರು ಒಂದು ಮನೆಯ ದಯೆಯಲ್ಲಿ ಇರಬಾರದು ಎಂದು ಇಲ್ಲಿ ನಿರಾಶ್ರಿತರ ನಡುವೆ ಈ ಕೆಲಸ ಮಾಡುತ್ತಾ ಕಲಿತಿದ್ದೇನೆ. ಆ ಮನೆಯವರ ಮನಸ್ಸು ಒಂದು ದಿನ ಕೆಟ್ಟರೆ ಇವರಿಗೆ ನಿಲ್ಲಲು ಬೇರೆ ನೆಲವಿರುವುದಿಲ್ಲ. ಅದಕ್ಕೇ ದೇವಾಲಯದ ಮನೆ ಕೇಳಿದ್ದು. ಈಗ ನೀನು ಸುಣ್ಣ ಹೊಡೆಸಿಯಾಗಿದೆ. ಇರಲಿ. ಆದರೆ ನಾನು ಹೇಳುವ ಕೆಲವು ಮಾತುಗಳನ್ನು ಮಗಳ ಮಾತೆಂದು ತಳ್ಳಿಹಾಕಬೇಡ.

ಅವಳ ಹೆಸರು ಸುಯಿಪಾರ್. ಮಗು ಎಸ್ತೆರ್. ಅವಳ ಬಳಿ ವಿಶ್ವಸಂಸ್ಥೆಯವರು ಕೊಟ್ಟ ನಿರಾಶ್ರಿತರ ಕಾರ್ಡು ಇದೆ. ಅದು ವೀಸಾ ಅಲ್ಲ. ಅದರ ಜೊತೆಗೆ ಚಿಕಿತ್ಸೆಗಾಗಿ ಬೆಂಗಳೂರಿನ ಕಡೆ ಹೋಗಿ ಇರಬಹುದೆಂಬ ಅನುಮತಿ ಪತ್ರವನ್ನು ನಮ್ಮ ವಕೀಲರು ಇಲ್ಲಿ ಓಡಾಡಿ ತಂದಿದ್ದಾರೆ. ಇಳಿದ ಜಾಗವನ್ನು ಸರ್ಕಾರಕ್ಕೆ ತಿಳಿಸಿದರೆ ಮಾತ್ರ ಆ ಪತ್ರಕ್ಕೆ ಬೆಲೆ. ಪರದೇಶದವರನ್ನು ಇಳಿಸಿಕೊಂಡವರು ಒಂದು ದಿನದೊಳಗೆ ತಿಳಿಸಬೇಕು, ಇದು ಕಾನೂನು. ಇಳಿಸಿಕೊಂಡವರು ಅಂದರೆ ಈಗ ನೀನು, ಫಾದರ್ ಅಲ್ಲ. ಮುಚ್ಚಿಟ್ಟು ಕಾಪಾಡುತ್ತೇವೆ ಎಂದುಕೊಳ್ಳುವುದು ದೊಡ್ಡ ತಪ್ಪು ಅವ್ವ. ಮುಚ್ಚಿಟ್ಟಾಗಲೇ ಅವರು ಕಳ್ಳರಾಗುವುದು.

ಕಾರ್ಡು, ಪತ್ರ ಎರಡೂ ಅವಳ ಕೈಯಲ್ಲೇ ಇರಲಿ. ಭದ್ರವಾಗಿರಲೆಂದು ನಿನ್ನ ಬೀರುವಿಗೆ ಹಾಕಬೇಡ. ಕೋಣೆಯ ಚಿಲಕ ಒಳಗಿನಿಂದ ಹಾಕುವಂತಿರಲಿ. ಅನ್ನ ಹಾಕಿದ್ದಕ್ಕೆ ಕೆಲಸ ಮಾಡಿಸಬೇಡ. ಅವಳ ಕಥೆಯನ್ನು ಅವಳೇ ಹೇಳುವವರೆಗೆ ಯಾರೂ ಕೇಳಬಾರದು. ಮಗುವಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಬಾರದು. ಇನ್ನೊಂದು, ನಿಮ್ಮ ಮನೆಯವರಲ್ಲದ ಒಬ್ಬ ಹೆಂಗಸು ವಾರಕ್ಕೊಮ್ಮೆ ಬಂದು ಅವಳನ್ನು ಒಂಟಿಯಾಗಿ ಮಾತಾಡಿಸಬೇಕು, ಏನಾದರೂ ಕಷ್ಟವಿದ್ದರೆ ಅವಳಿಗೆ ಹೇಳಿಕೊಳ್ಳಲಿ. ಅದಕ್ಕೆ ರಾಯಪ್ಪನ ಸೊಸೆ ಫಿಲೋಮಿನಾಳನ್ನು ಕೇಳು.

ಫಿಲೋಮಿನಾಳ ಹಳೆಯ ವಿಷಯವನ್ನು ನಾನು ಎತ್ತುವುದಿಲ್ಲ. ಅವಳನ್ನು ಕೇಳು, ಅಷ್ಟೆ.

ನಿನ್ನ ಮಗಳು,
ನಯನಾ

*

22 ಅಕ್ಟೋಬರ್ 2025

ನಯನಾಗೆ,

ನಿನ್ನ ಅತಿಥಿಗಳು ಬಂದು ಹತ್ತು ದಿನವಾಯಿತು. ಕಾರ್ಡು ಅವಳ ಕೈಯಲ್ಲೇ ಇದೆ. ಚಿಲಕ ಒಳಗೆ ಹಾಕಿಸಿದೆ. ಬಡಗಿ, "ಅತಿಥಿಗೋಳ್ಗೆ ಯಾಕವ್ವ ಬೀಗ?" ಎಂದ. "ಬೀಗ ಅವ್ರ್ಗಲ್ಲ ಕಣೋ, ನಮ್ಗೆ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ನನಗೂ ಮೊದಲು ಆಗಿರಲಿಲ್ಲ.

ಸುಯಿಪಾರ್ ಮಾತು ಕಡಿಮೆ. ಅವಳ ಮುರುಕು ಹಿಂದಿ ನಿನ್ನ ಅತ್ತಿಗೆಗೆ ಒಸಿ ತಿಳಿಯುತ್ತದೆ. ಕೆಲಸ ಹೇಳಬಾರದೆಂದೆಯಲ್ಲ, ಹೇಳಲಿಲ್ಲ. ಆದರೂ ಬೆಳಗಾದರೆ ನಮಗಿಂತ ಮುಂಚೆ ಎದ್ದು ಹುಳದ ಮನೆ ಬಾಗಿಲಿನಲ್ಲಿ ನಿಂತಿರುತ್ತಾಳೆ. ಹಿಪ್ಪುನೇರಳೆ ಸೊಪ್ಪನ್ನು ರೇಷ್ಮೆ ಹುಳ ತಿನ್ನುವಾಗ ಮಳೆ ಹನಿದಂತೆ ಸದ್ದಾಗುತ್ತದಲ್ಲ, ಅದನ್ನು ಕೇಳುತ್ತಾ ನಿಲ್ಲುತ್ತಾಳೆ. ನಿಲ್ಲಲಿ ಎಂದು ಬಿಟ್ಟಿದ್ದೇನೆ. ಮುದ್ದೆಯನ್ನು ನುಂಗಲು ಬಾರದು, ತಾಯಿ ಮಗಳಿಬ್ಬರೂ ಅಗಿಯುತ್ತಾರೆ. "ಹಂಗ್ ಅಗುದ್ರೆ ಸಂಜೆಗಂಟ ಊಟ ಮುಗಿಯಕಿಲ್ಲ ಕಣ್ರವ್ವಾ" ಎಂದು ನಿನ್ನ ಅಣ್ಣ ನುಂಗಿ ತೋರಿಸಿದ. ಎಸ್ತೆರ್ ಹಾಗೆಯೇ ಮಾಡಲು ಹೋಗಿ ಕೆಮ್ಮಿ ಕೆಮ್ಮಿ ನಕ್ಕಳು. ನಕ್ಕರೆ ಆ ಮಗುವಿನ ತುಟಿ ನೀಲಿಯಾಗುತ್ತದೆ. ನಗಿಸಬೇಡ ಎಂದು ಅಣ್ಣನನ್ನು ಗದರಿದೆ.

ಮೊನ್ನೆ ದೀಪಾವಳಿಗೆ ಪಕ್ಕದ ಬೀದಿಯಲ್ಲಿ ಪಟಾಕಿ ಹೊಡೆದರು. ಮೊದಲ ಸದ್ದಿಗೇ ಮಗು ಇಲ್ಲ. ಮನೆಯೆಲ್ಲ ಹುಡುಕಿದೆವು. ರಾಗಿ ಮೂಟೆಗಳ ಸಂದಿಯಲ್ಲಿ ಕಿವಿ ಮುಚ್ಚಿಕೊಂಡು ಕೂತಿತ್ತು. ತಾಯಿ ಕರೆದರೂ ಬರಲಿಲ್ಲ. ನಾನು ಅಲ್ಲಿಯೇ ನೆಲದ ಮೇಲೆ ಕೂತು ಜಪಸರ ಹೇಳತೊಡಗಿದೆ. ಎರಡನೆಯ ರಹಸ್ಯದ ಮಣಿಗಳಿಗೆ ಬರುವಷ್ಟರಲ್ಲಿ ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡಿತು. ಈಗ ನನ್ನನ್ನು ಅಜ್ಜಿ ಎನ್ನುತ್ತದೆ. ಯಾರು ಕಲಿಸಿದರೋ ಗೊತ್ತಿಲ್ಲ.

ತಿಳಿಸುವ ವಿಷಯ ಕೇಳುತ್ತೀಯೆ. ಫಾದರ್ ಕಂಪ್ಯೂಟರಿನಲ್ಲಿ ಮಾಡಲು ಹೋದರು. ಮನೆಯ ಯಜಮಾನರು ಒಂದು ಸಲ ಠಾಣೆಗೆ ಬಂದು ಹೇಳಿಕೆ ಕೊಡಬೇಕು ಎಂದರಂತೆ. ನಿನಗೆ ನಮ್ಮ ಊರಿನ ಕಟ್ಟು ಗೊತ್ತು. ನಮ್ಮ ಕೇರಿಯ ಯಾವ ಮಾತೂ ದೇವಾಲಯದ ಜಗಲಿ ದಾಟುವುದಿಲ್ಲ. ಠಾಣೆಯ ಮೆಟ್ಟಿಲು ಹತ್ತಿದ ಮನೆಯವರು ಒಂದು ವರ್ಷ ಕೊನೆಯ ಕಂಬದ ಹಿಂದೆ ನಿಲ್ಲಬೇಕು, ಪಾಸ್ಖದ ಬೆಳಕು ಅವರಿಗೆ ಕೊನೆಯಲ್ಲಿ. ಅದು ನನ್ನ ಮಾವನವರು ಮಾಡಿದ ಕಟ್ಟು. ಅವರ ಮನೆಯವಳು ನಾನೇ ಹತ್ತಲೇ? ಬೇಕಿದ್ದರೆ ಸಬ್ ಇನ್ಸ್‌ಪೆಕ್ಟರು ಮನೆಗೆ ಬಂದು ಬರೆದುಕೊಳ್ಳಲಿ ಎಂದು ಹೇಳಿಕಳಿಸಿದ್ದೇನೆ. ನೋಡೋಣ.

ವಾರಕ್ಕೊಮ್ಮೆ ಮಾತಾಡಿಸಲು ನಿನ್ನ ಅತ್ತಿಗೆಯ ತಂಗಿಗೆ ಹೇಳಿದ್ದೇನೆ. ಫಿಲೋಮಿನಾಳಿಗೆ ಅವಳ ಮನೆಯ ಕೆಲಸವೇ ಸಾಕಷ್ಟಿದೆ.

ನಿನ್ನ ತಾಯಿ,
ಲೂರ್ದಮ್ಮ

*

ದೆಹಲಿ
5 ನವೆಂಬರ್ 2025

ಅವ್ವ,

ಆಪರೇಷನ್ನಿಗೆ ಜನವರಿ ಹತ್ತೊಂಬತ್ತು ಎಂದು ದಿನ ಕೊಟ್ಟಿದ್ದಾರೆ. ಚಳಿ ಹೆಚ್ಚಾಗುವ ಮೊದಲೇ ಮಾಡಬೇಕೆಂದಿದ್ದರು, ಆಗಲಿಲ್ಲ. ಇನ್ನು ತಡಮಾಡುವಂತಿಲ್ಲ.

ನೋಡೋಣ ಎಂದರೆ ಏನು? ಹೋಗಿದ್ದೀಯೋ ಇಲ್ಲವೋ? ಇನ್ಸ್‌ಪೆಕ್ಟರು ಮನೆಗೆ ಬರುವುದಿಲ್ಲ ಅವ್ವ. ಅವರು ಮನೆಗೆ ಬರುವ ದಿನ ನಮಗೆ ಬೇಡ. ನೀನೇ ಹೋಗಿ, ಕುರ್ಚಿಯಲ್ಲಿ ಕೂತು, ಇವರು ನನ್ನ ಮನೆಯಲ್ಲಿದ್ದಾರೆ ಎಂದು ಹೇಳಿ ಬಂದುಬಿಡು. ಅರ್ಧ ಗಂಟೆಯ ಕೆಲಸ.

ಫಿಲೋಮಿನಾ ಠಾಣೆಗೆ ಹೋದಾಗ ಅವಳ ಕೈ ಮುರಿದಿತ್ತು. ನೀವು ಅವಳನ್ನು ಕಂಬದ ಹಿಂದೆ ನಿಲ್ಲಿಸಿದಿರಿ. ಕೈ ಮುರಿದವನು ಗಂಡ, ಅವನನ್ನು ಒಂದು ಮಾತೂ ಕೇಳಲಿಲ್ಲ. ಎತ್ತುವುದಿಲ್ಲ ಎಂದಿದ್ದೆ, ಎತ್ತಿಬಿಟ್ಟೆ.

ನಯನಾ

*

30 ನವೆಂಬರ್ 2025

ನಯನಾಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಹುಳ ಗೂಡು ಕಟ್ಟುವ ಹೊತ್ತು, ಕೈ ಬಿಡುವಿರಲಿಲ್ಲ. ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ ನಿನ್ನ ಅಣ್ಣ ಎಸ್ತೆರ್‌ಗೆ ಚನ್ನಪಟ್ಟಣದ ಒಂದು ಬುಗುರಿ ತಂದ. ಕೆಂಪು, ಹಳದಿ. ಅದಕ್ಕೆ ಓಡಾಡುವಂತಿಲ್ಲವಲ್ಲ, ಕೂತಲ್ಲೇ ಆಡಿಸುತ್ತದೆ. ಬುಗುರಿ ನಿಲ್ಲುವ ಮೊದಲು ಓಲಾಡುತ್ತದಲ್ಲ, ಆಗ ಉಸಿರು ಹಿಡಿದು ನೋಡುತ್ತದೆ.

ಕ್ರಿಸ್ಮಸ್ಸಿಗೆ ಬಾಲಯೇಸುವಿನ ಗೋದಲಿ ಕಟ್ಟುವ ಹುಡುಗಿಯರು ಎಸ್ತೆರಳನ್ನು ದೇವದೂತೆ ಮಾಡುತ್ತಾರಂತೆ. ರಾಯಪ್ಪ, "ನಮ್ಮೂರ್ ಮಕ್ಳು ಇರ್ಲಿಲ್ವಾ?" ಎಂದ. "ನಿಮ್ಮೂರ್ ಮಕ್ಳು ರೆಕ್ಕೆ ಕಟ್ಟುದ್ರೆ ಮರ ಹತ್ತ್‌ಬುಡ್ತವೆ, ಇದು ಕೂತಿರ್ತೈತೆ" ಎಂದೆ. ಅವನೂ ನಕ್ಕ.

ಆ ಕೆಲಸ ಆಯಿತೆಂದು ತಿಳಿದುಕೊ. ಅದನ್ನೇ ಪ್ರತಿ ಕಾಗದದಲ್ಲೂ ಕೇಳಬೇಡ.

ನಿನ್ನ ತಾಯಿ,
ಲೂರ್ದಮ್ಮ

*

28 ಡಿಸೆಂಬರ್ 2025

ನಯನಾಗೆ,

ಫಾದರ್ ನಿನಗೆ ಫೋನ್ ಮಾಡಿದ್ದಾರೆಂದು ಗೊತ್ತು. ಆದರೂ ನಡೆದದ್ದನ್ನು ನಾನು ಬರೆಯಬೇಕು.

ಹಬ್ಬದ ಮರುದಿನ ಬೆಳಗ್ಗೆ ಜೀಪು ಬಂತು. ಯಾರೂ ದೂರು ಕೊಟ್ಟಿರಲಿಲ್ಲ. ಕೋಡಿಹಳ್ಳಿಯ ಟೀ ಅಂಗಡಿಯಲ್ಲಿ ಯಾರೋ ಗೋದಲಿಯ ಚೆಂದ ಹೊಗಳುತ್ತಾ, ದೇವದೂತೆಯಾಗಿ ಪರದೇಶದ ಮಗು ಕೂತಿತ್ತು ಎಂದರಂತೆ. ಪಕ್ಕದಲ್ಲಿ ಟೀ ಕುಡಿಯುತ್ತಿದ್ದವನು ಕಾನ್ಸ್‌ಟೇಬಲ್. ಪರದೇಶದವರು ಇದ್ದಾರೆಂದು ನಮ್ಮಲ್ಲಿ ದಾಖಲೇ ಇಲ್ಲವಲ್ಲ ಎಂದು ವಿಚಾರಿಸಲು ಬಂದಿದ್ದರು. ಮಹಿಳಾ ಪೊಲೀಸ್ ಕೂಡ ಜೊತೆಗಿದ್ದಳು. ಒರಟು ಮಾತು ಒಂದೂ ಆಡಲಿಲ್ಲ.

ಆಗ ನಾವೆಲ್ಲ ದೇವಾಲಯದ ಜಗಲಿಯ ಮೇಲಿದ್ದೆವು. ಊರಿಗೆ ಊರೇ ಸೇರಿತ್ತು. ಸುಯಿಪಾರ್ ತನ್ನ ಕಾರ್ಡನ್ನೂ ಪತ್ರವನ್ನೂ ತೋರಿಸಿದಳು. ಇನ್ಸ್‌ಪೆಕ್ಟರು ಓದಿ, "ಪತ್ರ ಸರಿ ಐತೆ. ಎಲ್ಲಿಳಿದವ್ರೆ ಅಂತ ಯಾಕ್ ತಿಳಿಸ್ಲಿಲ್ಲ? ಇವ್ರು ಯಾರ್ ಮನೇಲಿ ಅವ್ರೆ?" ಎಂದರು.

ರಾಯಪ್ಪ ನನ್ನನ್ನು ನೋಡಿದ. ಎಲ್ಲರೂ ನೋಡಿದರು.

ನಾನು, "ದೇವಾಲಯದ ಅತಿಥಿಗಳು" ಎಂದೆ.

ಅದು ಸುಳ್ಳಲ್ಲ. ಸಮಿತಿಯೇ ಒಪ್ಪಿ ಕರೆಸಿಕೊಂಡದ್ದು. ಇನ್ನೂ ಹುಡುಗನಂತಿರುವ ಆ ಫಾದರ್ ನನ್ನ ಮುಖ ನೋಡಿ, "ಹೌದು ಸಾರ್, ಜವಾಬ್ದಾರಿ ನನ್ನದು. ಸಿಸ್ಟರುಗಳ ಮನೆ ಕೊಟ್ಟಿದ್ದೇವೆ" ಎಂದರು. ನನ್ನ ಮಾತಿಗೆ ಅವರು ಗೋಡೆ ಕಟ್ಟಿದರು. ಇನ್ಸ್‌ಪೆಕ್ಟರು ಆ ಮನೆ ನೋಡಲು ಹೋದರು. ಅಲ್ಲಿ ಕೋಳಿಗಳಿದ್ದವು.

ಆಮೇಲೆ ಅವರ ದನಿ ಬದಲಾಯಿತು. ವಿಚಾರಣೆ ಮುಗಿಯುವವರೆಗೆ ತಾಯಿ ಮಗಳನ್ನು ಬೆಂಗಳೂರಿನ ಮಹಿಳೆಯರ ಸರ್ಕಾರಿ ಗೃಹದಲ್ಲಿ ಇಡಬೇಕೆಂದು ಕರೆದುಕೊಂಡು ಹೋದರು. ಮಗು ಜೀಪಿನ ಹಿಂದಿನಿಂದ ಅಜ್ಜಿ, ಅಜ್ಜಿ ಎಂದು ಕೂಗಿತು. ನಾನು ಜಗಲಿಯ ಮೇಲೆಯೇ ನಿಂತಿದ್ದೆ.

ಬುಗುರಿ ಇಲ್ಲೇ ಉಳಿದಿದೆ.

ಲೂರ್ದಮ್ಮ

*

ಬೆಂಗಳೂರು
12 ಜನವರಿ 2026

ಅವ್ವ,

ನಾನು ಬೆಂಗಳೂರಿಗೆ ಬಂದು ಒಂದು ವಾರವಾಯಿತು. ಊರಿಗೆ ಬರುವುದಿಲ್ಲ.

ಆ ದಿನ ನೀನು, "ನನ್ನ ಮನೆಯಲ್ಲಿದ್ದಾರೆ" ಎಂದಿದ್ದರೆ, ತಿಳಿಸಲು ತಡವಾಯಿತು ಎಂದು ನಿನ್ನ ಮೇಲೆ ಒಂದು ಕೇಸು ಬರೆದುಕೊಂಡು ಹೋಗುತ್ತಿದ್ದರು. ವಕೀಲರು ಹಾಗೆಯೇ ಹೇಳುತ್ತಾರೆ. ಈಗ ದಾಖಲೆಯಲ್ಲಿ ಇರುವುದು ಯಾರೂ ವಾಸವಿಲ್ಲದ ಒಂದು ಮನೆ. ಹಾಗಾದರೆ ಎರಡೂವರೆ ತಿಂಗಳು ಇವರು ಎಲ್ಲಿದ್ದರು ಎಂದು ಕೇಳುತ್ತಾರೆ. ಸುಯಿಪಾರ್ ಅಜ್ಜಿಯ ಮನೆಯಲ್ಲಿ ಎನ್ನುತ್ತಾಳೆ. ಯಾವ ಅಜ್ಜಿ ಎಂದರೆ ಹೆಸರು ಹೇಳುವುದಿಲ್ಲ. ನಿನಗೆ ತೊಂದರೆಯಾದೀತೆಂದು ಹೇಳುತ್ತಿಲ್ಲ. ಫಾದರನ್ನು ನಾಲ್ಕು ಸಲ ಕರೆಸಿದ್ದಾರೆ. ಅವರೂ ನಿನ್ನ ಹೆಸರು ಹೇಳುತ್ತಿಲ್ಲ. ನಾನು ಹೇಳಬಹುದು, ಆದರೆ ನಾನು ಅಲ್ಲಿರಲಿಲ್ಲ, ನನ್ನ ಮಾತಿಗೆ ಬೆಲೆಯಿಲ್ಲ. ಎಲ್ಲರೂ ಸೇರಿ ನಿನ್ನನ್ನು ಕಾಪಾಡುತ್ತಿದ್ದೇವೆ ಅವ್ವ. ಕಾಪಾಡಬೇಕಾಗಿದ್ದದ್ದು ನಿನ್ನನ್ನಲ್ಲ.

ಹತ್ತೊಂಬತ್ತನೆಯ ತಾರೀಖು ಹೀಗೆಯೇ ಹೋಗುತ್ತದೆ. ಎಸ್ತೆರ್‌ಗೆ ಎದೆಯಲ್ಲಿ ಕಫ ಕಟ್ಟಿದೆ.

ಆ ಕೆಲಸ ಆಯಿತೆಂದು ತಿಳಿದುಕೊ ಎಂದು ಬರೆದಿದ್ದೆ. ನಾನು ತಿಳಿದುಕೊಂಡಿದ್ದೆ.

ನನಗೆ ಇನ್ನು ಕಾಗದ ಬರೆಯಬೇಡ. ನೀನು ಹೇಳಬೇಕಾದದ್ದು ಒಂದೇ ಮಾತು. ಅದನ್ನು ನನಗೆ ಹೇಳಿ ಪ್ರಯೋಜನವಿಲ್ಲ.

ನಯನಾ

*

8 ಫೆಬ್ರವರಿ 2026

ನಯನಾಗೆ,

ಬರೆಯಬೇಡ ಎಂದಿದ್ದೀಯೆ. ಇದು ಸಣ್ಣ ಕಾಗದ.

ಮೊನ್ನೆ ಹೋಬಳಿಗೆ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ. ಠಾಣೆಯ ಎದುರು ಇಳಿದೆ. ಎದುರಿನ ಅಂಗಡಿಯಲ್ಲಿ ಟೀ ಕುಡಿದೆ. ಅಂಗಡಿಯವನು, "ಯಾರನ್ನ ಕಾಯ್ತಾ ಇದ್ದೀರವ್ವಾ?" ಎಂದ. "ಬಸ್ಸು" ಎಂದೆ. ಬಸ್ಸು ಬಂತು, ಹತ್ತಿ ಮನೆಗೆ ಬಂದೆ.

ನಿನ್ನಪ್ಪ ಇದ್ದಿದ್ದರೆ ಏನು ಮಾಡುತ್ತಿದ್ದರೆಂದು ಯೋಚಿಸಿದೆ. ಅವರೂ ಟೀ ಕುಡಿದು ಬರುತ್ತಿದ್ದರು. ಇಷ್ಟು ವರ್ಷ ನಾನು ಅದನ್ನೇ ಧೈರ್ಯ ಎಂದುಕೊಂಡಿದ್ದೆ.

ಸಮಿತಿಗೆ ಮೇಲಿನ ಬಿಷಪ್ಪರ ಕಚೇರಿಯಿಂದ ಕಾಗದ ಬಂದಿದೆಯಂತೆ, ಇನ್ನು ಮುಂದೆ ಹೊರಗಿನ ಯಾರನ್ನೂ ಇಳಿಸಿಕೊಳ್ಳಬಾರದೆಂದು. ನನ್ನ ಮುಂದೆ ಓದಲು ಫಾದರಿಗೆ ಸಂಕೋಚವಾಗಿ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ನಮ್ಮ ಬಾಗಿಲಿಗೆ ಈ ಅಗುಳಿ ಹಾಕಿದವಳು ನಾನು.

ನಿನ್ನ ತಾಯಿ

*

6 ಏಪ್ರಿಲ್ 2026
ಪಾಸ್ಖ ಹಬ್ಬದ ಮರುದಿನ

ನಯನಾ,

ಈ ಕಾಗದವನ್ನು ನೀನು ಓದಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ. ವಕೀಲರಿಂದ ಅರ್ಧ ಕೇಳಿರುತ್ತೀಯೆ. ಉಳಿದ ಅರ್ಧ ನನ್ನದು.

ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲ ಶುರುವಾದ ಬುಧವಾರ ಹಣೆಗೆ ಬೂದಿ ಹಾಕಿಸಿಕೊಂಡು ಬಂದೆ. ಫಾದರ್ ಬೂದಿ ಹಚ್ಚುವಾಗ ನನ್ನ ಕಣ್ಣನ್ನು ನೋಡಲಿಲ್ಲ. ಮನೆಗೆ ಹೋಗಬೇಕಾದವಳು ರಾಯಪ್ಪನ ಮನೆ ಬಾಗಿಲಿಗೆ ಹೋದೆ. ಫಿಲೋಮಿನಾ ಸೊಪ್ಪು ಸೋಸುತ್ತಿದ್ದಳು. ಅವಳು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು.

"ಠಾಣೆಗೆ ಹೋಗ್ಬೇಕು ಕಣವ್ವಾ. ಜೊತೆಗ್ ಬತ್ತೀಯಾ?" ಎಂದೆ.

ಅವಳು ಕೈ ತೊಳೆದುಕೊಂಡು ಸೆರಗು ಸರಿಮಾಡಿಕೊಂಡಳು. ಆ ಎಡಗೈ ಇನ್ನೂ ಪೂರ್ತಿ ಮಡಚುವುದಿಲ್ಲ. ರಾಯಪ್ಪ ಒಳಗಿನಿಂದ, "ಎಲ್ಗೆ?" ಎಂದ. "ನಿಮ್ ಅಮ್ಮಾವ್ರನ್ನ ಮುಂದಕ್ ಕರ್ಕೊಂಡ್ ಹೋಯ್ತಿನಿ" ಎಂದಳು.

ಠಾಣೆಯ ಮುಂದೆ ನನ್ನ ಕಾಲು ಮತ್ತೆ ಟೀ ಅಂಗಡಿಯ ಕಡೆ ತಿರುಗಿತು. ಫಿಲೋಮಿನಾ ನನ್ನ ಮೊಳಕೈ ಹಿಡಿದಳು.

"ಮೂರೇ ಮೆಟ್ಲು ದೊಡ್ಡವ್ವ. ಹತ್ತೋವಾಗ ಬೆಟ್ಟ ಅನ್ನಿಸ್ತೈತೆ. ಇಳಿಯೋವಾಗ ಮೂರೇ."

ಹತ್ತಿದೆ.

ಬರೆದುಕೊಳ್ಳಲು ಕೂತವನು ಮೊಮ್ಮಗನ ವಯಸ್ಸಿನ ಹುಡುಗ. ನಾನು ಹೇಳಿದೆ. ಇಂಥ ದಿನ ಬಂದರು, ನನ್ನ ಮನೆಯ ಮುಂದಿನ ಕೋಣೆಯಲ್ಲಿದ್ದರು, ನನ್ನ ಒಲೆಯ ಮೇಲೆ ಬೇಯಿಸಿದ್ದನ್ನೇ ತಿಂದರು. ತಿಳಿಸಬೇಕೆಂದು ಮಗಳು ಬರೆದಿದ್ದಳು, ಫಾದರ್ ಹೇಳಿದ್ದರು, ನಾನೇ ಬರಲಿಲ್ಲ. ಸಿಸ್ಟರುಗಳ ಮನೆ ಎಂದು ಫಾದರ್ ಹೇಳಿದ್ದು ನನ್ನ ಮಾನ ಉಳಿಸುವುದಕ್ಕೆ.

"ಆವತ್ತೇ ಯಾಕ್ ಹೇಳ್ಲಿಲ್ಲ ಅಜ್ಜಿ?" ಎಂದ ಆ ಹುಡುಗ.

"ನಾಚ್ಕೆ ಆಯ್ತು ಕಣಪ್ಪ."

"ಅದ್ನೂ ಬರ್ಕೊಳ್ಲಾ?"

"ಬರ್ಕೊ."

ನನ್ನ ಮೇಲೆ ಕೇಸಾಗಿದೆ. ಕನಕಪುರದ ಕೋರ್ಟಿಗೆ ಹೋಗಬೇಕು. ನಾನು ಓದಿದ ಶಾಲೆಯನ್ನು ದಾಟಿಕೊಂಡೇ ಹೋಗಬೇಕು. ಹೋಗುತ್ತೇನೆ.

ಆಮೇಲಿನದು ನಿನಗೇ ಗೊತ್ತು. ವಕೀಲರು ನನ್ನ ಹೇಳಿಕೆ ಹಿಡಿದು ಓಡಾಡಿದರು, ಅವರನ್ನು ಬೆಂಗಳೂರಿನ ಸಿಸ್ಟರುಗಳ ಹಾಸ್ಟೆಲ್ಲಿಗೆ ಬಿಟ್ಟರು, ಮಾರ್ಚಿನಲ್ಲಿ ಆಪರೇಷನ್ ಆಯಿತು. ನೀನು ಅಲ್ಲಿರದ ಹೊತ್ತು ನೋಡಿಕೊಂಡು ನಾನೂ ಫಿಲೋಮಿನಾಳೂ ಆಸ್ಪತ್ರೆಗೆ ಹೋಗಿದ್ದೆವು. ಸುಯಿಪಾರ್ ಎದ್ದು ನನಗೆ ಕುರ್ಚಿ ಕೊಟ್ಟಳು. ಡಾಕ್ಟರಮ್ಮ ನನ್ನನ್ನು ಯಾರೋ ಹತ್ತಿರದವಳೆಂದುಕೊಂಡು ಎಲ್ಲ ಬಿಡಿಸಿ ಹೇಳಿದರು. ಮಗು ಬದುಕುತ್ತದೆ. ಆದರೆ ಚಳಿಗಾಲದಲ್ಲಿ ಎರಡು ಸಲ ಜ್ವರ ಬಂದು ಶ್ವಾಸಕೋಶಕ್ಕೆ ಪೆಟ್ಟಾಗಿದೆ. ಜನವರಿಯಲ್ಲೇ ಆಗಿದ್ದರೆ ಬೇರೆ ಮಾತು. ಇನ್ನು ಮಾತ್ರೆ ಬಿಡುವಂತಿಲ್ಲ, ಬೇರೆ ಮಕ್ಕಳಂತೆ ಓಡುವಂತಿಲ್ಲ.

ನಾನು ಬುಗುರಿಯನ್ನು ಹಾಸಿಗೆಯ ಮೇಲಿಟ್ಟೆ. ಎಸ್ತೆರ್ ತೆಗೆದುಕೊಂಡಳು. ಚೆನ್ನಾಗಿ ನೋಡಿದಳು, ಬುಗುರಿಯನ್ನೂ, ನನ್ನನ್ನೂ. ತಾಯಿಗೆ ಅವರ ಭಾಷೆಯಲ್ಲಿ ಏನೋ ಹೇಳಿದಳು. ಅಜ್ಜಿ ಎನ್ನಲಿಲ್ಲ.

ಗುಣವಾದ ಮೇಲೆ ಊರಿಗೆ ಬನ್ನಿ ಎಂದು, ನಿನ್ನ ಅತ್ತಿಗೆ ಕಲಿಸಿಕೊಟ್ಟ ಹಿಂದಿಯಲ್ಲಿ, ಫಿಲೋಮಿನಾಳಿಂದ ಹೇಳಿಸಿದೆ. ಸುಯಿಪಾರ್ ನನ್ನ ಎರಡೂ ಕೈ ಹಿಡಿದುಕೊಂಡು ಇಲ್ಲ ಎಂದು ತಲೆಯಾಡಿಸಿದಳು. ಸಿಟ್ಟಿನಿಂದಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಒಂದು ಮನೆಯವರ ಮನಸ್ಸು ಒಂದು ದಿನ ಕೆಟ್ಟರೆ ಎಂದು ಬರೆದಿದ್ದೆಯಲ್ಲ. ನನ್ನ ಮನಸ್ಸು ಕೆಟ್ಟಿರಲಿಲ್ಲ ನಯನಾ. ಆ ಮಗುವಿನ ಮೇಲೆ ನನಗೆ ಎಷ್ಟು ಪ್ರೀತಿಯಿತ್ತೆಂದು ದೇವಮಾತೆಗೆ ಗೊತ್ತು. ಪ್ರೀತಿಯಿದ್ದೂ ಜಗಲಿ ಇಳಿಯಲಿಲ್ಲ.

ಈಗ ನಾನು ಮಾಡಿರುವುದನ್ನು ಬರೆಯುತ್ತೇನೆ. ಮಾಡುತ್ತೇನೆ ಎಂದು ಬರೆಯುವುದಿಲ್ಲ. ನನ್ನ ಅಂಥ ಮಾತಿನ ಬೆಲೆ ನಿನಗೆ ತಿಳಿದಿದೆ.

ಸಿಸ್ಟರುಗಳ ಮನೆಯ ಹೆಂಚು ಕಟ್ಟಿಸಿದೆ, ಬಾಗಿಲುಗಳಿಗೆ ಒಳಚಿಲಕ ಹಾಕಿಸಿದೆ. ಬೀಗದ ಕೈ ಫಿಲೋಮಿನಾಳ ಹತ್ತಿರವಿದೆ, ನನ್ನ ಹತ್ತಿರ ಇನ್ನೊಂದಿಲ್ಲ. ಮೇಲಿನವರಿಗೆ ಸಮಿತಿಯ ಪರವಾಗಿ ಅವಳೇ ಬರೆದಳು: ತಪ್ಪು ಅತಿಥಿಗಳದ್ದಲ್ಲ, ಇಳಿಸಿಕೊಂಡ ಮನೆಯದ್ದು, ಇನ್ನು ಯಾರೇ ಬಂದರೂ ಮೊದಲ ದಿನವೇ ತಿಳಿಸುತ್ತೇವೆ, ಒಪ್ಪಿಗೆ ಕೊಡಿ ಎಂದು. ಉತ್ತರ ಬಂದಿಲ್ಲ. ಬರದೆಯೂ ಇರಬಹುದು.

ಪಾಸ್ಖಕ್ಕೆ ಒಂದು ವಾರ ಮುಂಚೆ, ಗರಿಗಳ ಭಾನುವಾರ, ಪೂಜೆಯಾದ ಮೇಲೆ ಜಗಲಿಯ ಮೇಲೆ ನಿಂತು, ನಾನು ಠಾಣೆಯ ಮೆಟ್ಟಿಲು ಹತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿದೆ. "ನಿಮ್ಗೆಲ್ಲ ಯಾಕಮ್ಮಾವ್ರೇ, ಬುಡಿ" ಎಂದರು ಕೆಲವರು. ಫಾದರ್, ಆ ಕಟ್ಟನ್ನೇ ತೆಗೆದುಹಾಕೋಣ ಎಂದರು. ತೆಗೆಯಿರಿ, ಆದರೆ ನನ್ನ ವರ್ಷ ಮುಗಿದ ಮೇಲೆ ಎಂದೆ. ಫಿಲೋಮಿನಾಳ ವರ್ಷ ಯಾರೂ ತೆಗೆದಿರಲಿಲ್ಲ. ಸಮಿತಿಯ ಕುರ್ಚಿಯನ್ನೂ ಆ ದಿನವೇ ಬಿಟ್ಟೆ.

ಮೊನ್ನೆ ಪಾಸ್ಖ ಜಾಗರಣೆಗೆ ಕೊನೆಯ ಕಂಬದ ಹಿಂದೆ ಹೋಗಿ ನಿಂತೆ. ರಾಯಪ್ಪ ಹಿಂದೆ ತಿರುಗಿ ನೋಡಿ, "ಅಲ್ಲಿ ಗಾಳಿ ಬರಾಕಿಲ್ಲ ಕಣಮ್ಮಾವ್ರೇ, ನಮ್ಗೊತ್ತು" ಎಂದ. ಚುಚ್ಚಿದನೋ ಕಾಳಜಿಯೋ ತಿಳಿಯಲಿಲ್ಲ. ಎರಡೂ ಇರಬೇಕು. ದೀಪಗಳನ್ನೆಲ್ಲ ಆರಿಸಿದರು. ಫಾದರ್ ದೊಡ್ಡ ಬತ್ತಿ ಹಿಡಿದು ಬಂದು, ನಮ್ಮ ಮನೆಯವರು ನಿಲ್ಲುವ ಜಾಗ ಖಾಲಿಯಿದ್ದುದನ್ನು ಕಂಡು ತಡೆದು ನಿಂತರು. ಆಗ ಫಿಲೋಮಿನಾ ಮುಂದೆ ಹೋಗಿ, ಸರಿಯಾಗಿ ಮಡಚದ ಆ ಕೈಯಲ್ಲೇ ತನ್ನ ಬತ್ತಿ ಚಾಚಿದಳು.

ಬೆಳಕು ಕೈಯಿಂದ ಕೈಗೆ ಹಿಂದಕ್ಕೆ ಬರುವುದನ್ನು ಈ ವಯಸ್ಸಿನಲ್ಲಿ ಮೊದಲ ಸಲ ನೋಡಿದೆ. ಮುಂದೆ ನಿಂತವರಿಗೆ ಅದು ಕಾಣುವುದಿಲ್ಲ. ಬಹಳ ಹೊತ್ತಾಗುತ್ತದೆ. ಕೊನೆಗೆ ನನ್ನ ಬತ್ತಿ ಹೊತ್ತಿತು. ಅಭ್ಯಾಸದಿಂದ ಹಿಂದಿನವರಿಗೆ ಕೊಡಲು ತಿರುಗಿದೆ. ಯಾರೂ ಇರಲಿಲ್ಲ, ಗೋಡೆಯಿತ್ತು. ಪೂಜೆ ಮುಗಿಯುವವರೆಗೆ ಹಿಡಿದುಕೊಂಡು ಅಲ್ಲೇ ನಿಂತೆ.

ನಿನ್ನ ಅವ್ವ